ನನ್ನ ಉಡಿ ತುಂಬಿಸಿದ ಕಾರ್ಯದರ್ಶಿಗಳಿಗೆ

ಹಿರೇಕೆರೂರು, ಶ್ರಾವಣ ಮಾಸ, ೧೯೩೯

ನಮ್ಮ ಕಾಲೇಜಿನ ನಾಟ್ಯಸಂಘದ ಕಾರ್ಯದರ್ಶಿಗಳೂ, ದಿಗ್ದರ್ಶಕರೂ, ನಾಯಕ ಪಾತ್ರಧಾರಿಗಳೂ, ಹೀಗೆ ಎಲ್ಲ ಭಾರವನ್ನೂ ಒಬ್ಬರೇ ಹೊತ್ತು ಉಳಿದವರಿಗೆ ಬರಿಯ ಚಪ್ಪಾಳೆ ಹೊಡೆಯುವ ಕೆಲಸವನ್ನು ಬಿಟ್ಟುಕೊಟ್ಟ ಉದಾರಿಗಳೂ ಆದ ಶಿಗ್ಗಾವಿಯ ಶ್ರೀ ಹೊಳಬಸಪ್ಪನವರ ಸನ್ನಿಧಿಗೆ, ಬಿ.ಎ. ತರಗತಿಯ ಗೋಣೆಪ್ಪನ ಸಾವಿರದ ಶರಣುಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ಹಾನಗಲ್ಲಿನ ಕಡೆಯಿಂದ ಬರುವವರೆಲ್ಲ ತಮ್ಮ ಕ್ಷೇಮವನ್ನೇ ನನ್ನ ಮುಂದೆ ಹಾಡುತ್ತಿದ್ದಾರೆ. ನನ್ನ ಕ್ಷೇಮದ ವಿಚಾರವನ್ನು ಮಾತ್ರ ತಮ್ಮ ಗಮನಕ್ಕೆ ತರಬೇಕಾಗಿದೆ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆಂದು ತಾವು ಆರಿಸಿದ ಸಾಮಾಜಿಕ ನಾಟಕದಲ್ಲಿ, ತವರಿಲ್ಲದ ಏಳು ತಿಂಗಳ ಬಸುರಿಯನ್ನು ಗಂಡನು ಮನೆಯಿಂದ ಹೊರಗೆ ಹಾಕುವ ದೃಶ್ಯವೊಂದಿತ್ತಷ್ಟೆ. ಹೆಂಡತಿಯ ಪಾತ್ರಕ್ಕೆ ಕಾಲೇಜಿನ ಹುಡುಗಿಯರನ್ನು ಕೇಳುವ ಧೈರ್ಯ ಸಮಾಜಸುಧಾರಕರಾದ ತಮಗೂ ಬಾರದಿದ್ದುದರಿಂದ, ಮೀಸೆ ಇನ್ನೂ ಸರಿಯಾಗಿ ಮೂಡದ ನನ್ನ ಮುಖದ ಮೇಲೆ ತಮ್ಮ ಕೃಪಾದೃಷ್ಟಿ ಬಿತ್ತು. ಗಂಡನ ಪಾತ್ರವನ್ನು ತಾವೇ ಇಟ್ಟುಕೊಂಡು, ಹಾಸ್ಟೆಲಿನ ತಮ್ಮ ತಲೆದಿಂಬನ್ನೇ ನನ್ನ ಹೊಟ್ಟೆಗೆ ಬಿಗಿದು, “ಸುಮ್ನ ಅತ್ರ ನಡ್ಯೂದಿಲ್ಲೋ ಗೋಣ್ಯಾ, ನೋಡಿದವರ ಕರಳ ಚುರ್ರ ಅನಬೇಕು” ಎಂದು ಅಪ್ಪಣೆ ಕೊಡಿಸಿದಿರಿ. ನಾನು ಶಿಸ್ತಿನ ವಿದ್ಯಾರ್ಥಿ. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅಕ್ಕನ ಬೆನ್ನ ಹಿಂದೆಯೇ ಸುತ್ತಿ, ಆಕೆ ಏಳುವುದು, ಕೂರುವುದು, ಸೊಂಟಕ್ಕೆ ಕೈಕೊಟ್ಟು ಉಸಿರು ಬಿಡುವುದನ್ನೆಲ್ಲ ಕಲಿತೆ; ತಮ್ಮನಿಗೆ ಏನೋ ಬಡಿದಿದೆಯೆಂದು ಅಕ್ಕ ನನಗೆ ತಾಯತ ಕಟ್ಟಿಸಿದಳು.

ಗ್ಯಾದರಿಂಗಿನಲ್ಲಿ ಹೆಸರು ಬಂದದ್ದೇ ತಡ, ಬೇಸಿಗೆಯ ಸೂಟಿಯಲ್ಲಿ ನಾಟಕವನ್ನು ಹಾನಗಲ್ಲಿಗೆ ಒಯ್ಯುವ ಏರ್ಪಾಡನ್ನೂ ತಾವೇ ಮಾಡಿದಿರಿ. ಆ ಊರಿನ ದಾನವ್ವನವರು ತಮ್ಮ ಒಬ್ಬಳೇ ಮಗಳು ಸರೋಜವ್ವನನ್ನು ನನಗೆ ಕೊಡಲು ಒಪ್ಪಿದ್ದರು, ಎಲೆ ಅಡಿಕೆ ಹಂಚುವುದೊಂದೇ ಉಳಿದಿತ್ತು ಎಂಬುದು ತಮಗೆ ಗೊತ್ತಿತ್ತು. ಹುಡುಗಿಯನ್ನು ನೋಡಲು ಹೋದ ದಿನ ಆಕೆ ಚಹಾ ಇಟ್ಟು, ಒಳಗೆ ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, “ನಿಮ್ಮ ಕಾಲೇಜಿನಾಗ ಹೆಣ್ಣಮಕ್ಕಳಿಗೂ ಓದಾಕ ಬಿಡ್ತಾರೇನ್ರಿ?” ಎಂದು ಕೇಳಿದ್ದಳು. ಅಂದಿನಿಂದ ಊಟ ನಿದ್ದೆ ಯಾವುದೂ ರುಚಿಸುತ್ತಿಲ್ಲವೆಂಬುದನ್ನು ಜಗತ್ತಿನಲ್ಲಿ ತಮ್ಮೊಬ್ಬರ ಮುಂದೆ ಮಾತ್ರ ಹೇಳಿಕೊಂಡಿದ್ದೆ. ಎಂಥ ನಂಬಿಗಸ್ತರ ಮುಂದೆ ಹೇಳಿಕೊಂಡೆನೆಂದು ಈಗ ಹೆಮ್ಮೆಪಡುತ್ತಿದ್ದೇನೆ.

ಭಾವಿ ಅಳಿಯ ನಾಟಕದಲ್ಲಿದ್ದಾನೆಂದು ಕೇಳಿ ಬಂದ ದಾನವ್ವನವರು ಮುಂದಿನ ಸಾಲಿನಲ್ಲಿ ಕೂತು ಗಂಡು ಪಾತ್ರಗಳಲ್ಲೇ ನನ್ನನ್ನು ಹುಡುಕುತ್ತಿದ್ದರಂತೆ. ಬಣ್ಣ, ಚವರಿಯ ಜಡೆ, ಇಳಕಲ್ಲ ಸೀರೆಯೊಳಗಿನ ನನ್ನ ಗುರುತು ಅವರಿಗೆ ಹತ್ತಲಿಲ್ಲ. ತಾವು ನನ್ನನ್ನು ಹೊಸ್ತಿಲಾಚೆ ನೂಕಿದಾಗ ನಾನು ಅತ್ತ ಪರಿಗೆ ಆ ತಾಯಿ ಪಕ್ಕದ ಮನೆಯಿಂದ ಅಕ್ಕಿ, ಕೊಬ್ಬರಿ, ಕುಬಸದ ಖಣ ಮೊರದಲ್ಲಿ ತರಿಸಿಕೊಂಡು ರಂಗದ ಮೇಲೇ ಏರಿ ಬಂದುಬಿಟ್ಟರು. “ಸುಡ್ಲಿ ನಿನ್ನ ಗಂಡಸತನ! ಏಳರಾಗಿನ ಬಸರಿನ್ನ ಹೊರಗ ಹಾಕ್ತೀಯೇನೋ?” ಎಂದು ತಮಗೆ ಪ್ರಸಾದ ಕೊಟ್ಟು, “ಅಳಬ್ಯಾಡ ನನ್ನವ್ವ, ಇವತ್ತಿಂದ ನೀ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳು” ಎಂದು ನನ್ನ ಹಣೆಗೆ ಕುಂಕುಮ ಹಚ್ಚಿದರು. ಪರದೆ ಎಳೆಸಿರೆಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ತಾವು ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಿರಿ: “ಸೆರಗ ಒಡ್ಡೋ ಮಂಗ್ಯಾ, ಸೀನ ಏರಾಕತ್ತೈತಿ!” ಒಡ್ಡಿದೆ. ಇಡೀ ಹಾನಗಲ್ಲಿನ ಎದುರಿಗೆ ನನ್ನ ಉಡಿ ತುಂಬಿತು, ಹೆಂಗಸರೆಲ್ಲ ಕಣ್ಣೊರೆಸಿಕೊಂಡರು, ನಾಟಕ ಅಲ್ಲಿಗೇ ಮುಗಿಯಿತು.

ಮರುದಿನ ಚವರಿ ತೆಗೆದ ತಲೆಯಲ್ಲಿ ಅವರ ಮನೆಗೆ ಹೋಗಿ ನಿಜ ಹೇಳಿದೆ. ದಾನವ್ವನವರು, “ಬಣ್ಣ ಸುಳ್ಳಿದ್ದೀತಪ್ಪಾ, ನಾ ತುಂಬಿದ ಅಕ್ಕಿ ಸುಳ್ಳಲ್ಲ. ಉಡಿ ತುಂಬಿದ ಕೂಸಿಗೆ ಮನಿ ಮಗಳನ್ನ ಹ್ಯಾಂಗ ಕೊಡ್ಲಿ?” ಎಂದರು. ಹಿರಿಯರೆಲ್ಲ ತಲೆಯಾಡಿಸಿದರು. ನಾನು ಎದ್ದು ಹೊರಟಾಗ ಸರೋಜವ್ವ ಅದೇ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, “ಹೋಗಿ ಬಾ ಅಣ್ಣಾ” ಎಂದಳು. ಮಾನ್ಯರೇ, ಆಗ ನನಗೆ ಬಂದ ಅಳುವಿಗೆ ಯಾವ ತಾಲೀಮೂ ಬೇಕಾಗಲಿಲ್ಲ. ಅದನ್ನು ನೋಡಿ ಮೆಚ್ಚಲು ತಾವಿರಲಿಲ್ಲ ಎಂಬುದೊಂದೇ ಕೊರತೆ.

ತಾವು ಬಂದದ್ದು ಆಮೇಲೆ. ಮಿತ್ರನ ಮದುವೆಯನ್ನು ಸರಿಪಡಿಸುತ್ತೇನೆಂದು ಹೋಗಿ, ಅಲ್ಲಿಯೇ ಹೋಳಿಗೆ ಉಂಡು, ಸಂಜೆಗೆ ತಮ್ಮದೇ ಮದುವೆಯನ್ನು ಗೊತ್ತುಮಾಡಿಕೊಂಡು ಹಿಂದಿರುಗಿದ ತಮ್ಮ ಕಾರ್ಯದಕ್ಷತೆಯನ್ನು ಯಾವ ಬಾಯಿಂದ ಹೊಗಳಲಿ! ಹೆಂಡತಿಯನ್ನು ಹೊರಗೆ ಹಾಕಿದ ಗಂಡನಿಗೇ ಹೆಣ್ಣು ಹೇಗೆ ಕೊಟ್ಟಿರೆಂದು ಕೇಳಿಸಿದ್ದಕ್ಕೆ ದಾನವ್ವನವರು, “ಹೊರಗ ಹಾಕೂ ಚಟಾ ನಾಟಕದಾಗ ತೀರಿಸ್ಕೊಂಡಾನ, ಇನ್ನ ಮನ್ಯಾಗ ಹಾಕೂದಿಲ್ಲ” ಎಂದು ಹೇಳಿ ಕಳಿಸಿದ್ದಾರೆ. ಗಂಡಿನ ಮೇಲೆ ಇಷ್ಟು ವಿಶ್ವಾಸ ನನಗೂ ಇರಬೇಕಾಗಿತ್ತು.

ಆದ್ದರಿಂದ ಸಂಘದ ಕಾರ್ಯದರ್ಶಿಗಳಾದ ತಮ್ಮಲ್ಲಿ ನನ್ನ ಕೆಲವು ನಮ್ರ ವಿನಂತಿಗಳಿವೆ. ನಾಟಕವು ಅರ್ಧಕ್ಕೇ ನಿಂತುದರಿಂದ ನನ್ನ ಹೆರಿಗೆ ಇನ್ನೂ ಆಗಿಲ್ಲ. ಮಗುವಿನ ತಂದೆಯ ಪಾತ್ರ ತಮ್ಮದಾದ್ದರಿಂದ ಮುಂದಿನ ಏರ್ಪಾಡನ್ನು ತಾವೇ ಮಾಡತಕ್ಕದ್ದು. ನಾಗರಪಂಚಮಿಗೆ ಮಗಳನ್ನು ಕರೆಯಬೇಕೆಂದು ದಾನವ್ವನವರು ನನಗೆ ಎಳ್ಳುಂಡಿಯ ಗಂಟು ಕಳಿಸಿದ್ದಾರೆ, ಜೋಕಾಲಿಯನ್ನೂ ಕಟ್ಟಿಸಿದ್ದಾರಂತೆ. ನನ್ನ ಬದಲಿಗೆ ತಾವು ಸೀರೆಯುಟ್ಟು ಹೋಗಿ ಒಂದು ಸಲ ಜೀಕಿ ಬರಬೇಕು. ಇಲ್ಲವಾದರೆ ಆ ದಿನ ನನ್ನ ಸೆರಗಿಗೆ ಬಿದ್ದ ಅಕ್ಕಿಯನ್ನು ಮತ್ತೆ ಅವರ ಮೊರಕ್ಕೆ ಸೇರಿಸಿ, ಒಬ್ಬ ಹುಡುಗಿಯ ಬಾಯಿಂದ ಹೊರಟ ಒಂದು ಮಾತನ್ನು ಹಿಂದಕ್ಕೆ ತಂದುಕೊಡಬೇಕು. ಇದಾದರೆ ಬೇರೇನೂ ಬೇಡ.

ತಮ್ಮ ವಿಶ್ವಾಸಿಯೂ, ತಮ್ಮ ಕೃಪೆಯಿಂದಲೇ ತಮ್ಮ ಭಾವಿ ಪತ್ನಿಯ ಅಣ್ಣನೂ ಆದ,
ಗೋಣೆಪ್ಪ

ತಾ.ಕ.: ಧಾರೆಯಾದ ಮೇಲೆ ಹೆಣ್ಣಿನ ಅಣ್ಣನು ಮದುಮಗನ ಕಿವಿ ಹಿಂಡಿ, ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಅವನಿಂದ ಮಾತು ತೆಗೆದುಕೊಳ್ಳುವ ಶಾಸ್ತ್ರ ಅವರ ಮನೆತನದಲ್ಲಿದೆಯಂತೆ. ಸರೋಜವ್ವನಿಗೆ ಬೇರೆ ಅಣ್ಣತಮ್ಮಂದಿರಿಲ್ಲವಾದ್ದರಿಂದ ದಾನವ್ವನವರು ನನಗೇ ಹೇಳಿ ಕಳಿಸಿದ್ದಾರೆ, ನಾನು ಬರುತ್ತೇನೆ. ಮದುಮಗ ಮಾತು ಕೊಡುವವರೆಗೂ ಕಿವಿ ಬಿಡುವಂತಿಲ್ಲವಂತೆ. ದಯಮಾಡಿ ಮಾತು ಕೊಡಲು ಅವಸರ ಮಾಡಬೇಡಿರಿ.