ತೆಂಗಿನಕಾಯಿ ಒಡೆದ ಕಲ್ಲು

ಪ್ರಹ್ಲಾದ ಮಾಸ್ತರರಿಗೆ ಆ ದಿನ ಬೆಳಿಗ್ಗೆ ಬೇಕಾಗಿದ್ದದ್ದು ಒಂದು ಕಲ್ಲು, ಅಷ್ಟೆ. ಮನೆ ಕಟ್ಟಿಸುವವನ ಬಾಗಿಲಲ್ಲಿ ಕಲ್ಲಿಗೆ ಬರವೇ ಎಂದು ನಗಬೇಡಿ. ಉಸುಕಿನ ರಾಶಿ ಇತ್ತು, ಖಡಿಯ ರಾಶಿ ಇತ್ತು, ಸಿಮೆಂಟಿನ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ತೆಂಗಿನಕಾಯಿ ಒಡೆಯಲು ತಕ್ಕಂಥ ಒಂದು ಗಟ್ಟಿ ಕಲ್ಲು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಮಾಸ್ತರರು ಅಸುಂಡಿಯ ಶಾಲೆಯಲ್ಲಿ ಕನ್ನಡ ಕಲಿಸುವವರು. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ, ಇವರೇ ಮೊದಲು ಸಾಲೆಯ ದಾರಿ ಹಿಡಿದವರು. ಬೆಟಗೇರಿಯ ಒಂದು ಇಳಿಜಾರು ಓಣಿಯ ಮೇಲ್ತುದಿಯಲ್ಲಿ ಮನೆ. ಅದರ ಮೇಲೆ ಒಂದು ಕೋಣೆ ಎತ್ತಬೇಕೆಂಬ ಆಸೆ ಬಹಳ ದಿನದ್ದು. ಅಂತೂ ಗೋಡೆ ಎದ್ದು, ಆ ಭಾನುವಾರ ಸ್ಲ್ಯಾಬ್ ಹಾಕುವುದೆಂದು ನಿಶ್ಚಯವಾಗಿತ್ತು. ಕಾಂಟ್ರಾಕ್ಟರ್ ಪುಂಡಲೀಕಪ್ಪ ಕಾಂಕ್ರೀಟ್ ಕಲಸುವ ಮಷೀನನ್ನು ನಸುಕಿನಲ್ಲೇ ಕಳಿಸಿದ್ದ. ಅದನ್ನು ನಡೆಸುವವನು ಶಿಗ್ಲಿಯ ದಾದಾಪೀರ. ಅವನು ಮೊದಲ ಮಾಲನ್ನು ಮಷೀನಿನ ಹೊಟ್ಟೆಗೆ ಹಾಕಿ ತಿರುಗಿಸಲು ಹಚ್ಚಿಯೂ ಆಗಿತ್ತು.

ತಡೆದದ್ದು ಮಾಸ್ತರರ ತಾಯಿ ಸರಸ್ವತಿಬಾಯಿ. "ಮಷೀನಿಗೆ ಕಾಯಿ ಒಡೀದೇ ಒಂದು ಬುಟ್ಟಿನೂ ಮ್ಯಾಲೆ ಹೋಗಬಾರದು ನೋಡೋ ಪ್ರಹ್ಲಾದಾ. ನಂದಿನ್ನೂ ಸ್ನಾನ ಆಗಿಲ್ಲ" ಎಂದು ಬಚ್ಚಲಿಗೆ ಹೋದವರು ಸಾವಕಾಶವಾಗಿ ನೀರು ಹಾಕಿಕೊಳ್ಳುತ್ತಿದ್ದರು. ಆಳುಗಳು ಬೇಸತ್ತು ಓಣಿಯ ಕೆಳತುದಿಗೆ ಬುಡ್ಡೇಸಾಬನ ಚಹಾದ ಗಾಡಿಗೆ ಹೋದರು.

"ಜಲ್ದಿ ಮಾಡ್ರಿ ಸರ. ಮಾಲ ಹೊಟ್ಯಾಗ ಕುಂತಬಿಟ್ರ ಕಷ್ಟ ಆಕ್ಕೈತಿ" ಎಂದ ದಾದಾಪೀರ. "ಅಷ್ಟ್ರಾಗ ನಾ ಮ್ಯಾಲ ಹೋಗಿ ಸ್ಲ್ಯಾಬಿನ ಹಲಗಿಗೆ ನೀರ ಹೊಡದ ಬರ್ತೇನಿ."

ಒಳಗಿನಿಂದ ಅವ್ವನ ದನಿ ಬಂತು, "ನೀ ಕಾಯಿ ಒಡದಬಿಡು, ನಾ ಆರತಿ ತಗೊಂಡು ಬಂದೆ."

ಮಾಸ್ತರರು ಕಾಯಿ ಹಿಡಿದು ಕಲ್ಲು ಹುಡುಕಿದರು. ಖಡಿ ಅಂದರೆ ನೆಲ್ಲಿಕಾಯಿ ಗಾತ್ರ. ಬಾಗಿಲ ಮೆಟ್ಟಿಲಿಗೆ ಮೊನ್ನೆ ತಾನೇ ಟೈಲ್ಸ್ ಕೂಡಿಸಿದ್ದು, ಅದರ ಮೇಲೆ ಬಡಿಯಲು ಮನಸ್ಸು ಬರಲಿಲ್ಲ. ಆಗ ಕಂಡಿತು ನೋಡಿ, ಮಷೀನಿನ ಇಳಿಜಾರಿನ ಕಡೆಯ ಗಾಲಿಗೆ ಒತ್ತಿಕೊಂಡು ಕೂತ ಒಂದು ಕರಿಕಲ್ಲು. ಇದಕ್ಕಾಗಿಯೇ ಯಾರೋ ತಂದಿಟ್ಟಂತಿತ್ತು. ಅದು ಅಲ್ಲಿ ಯಾಕಿದೆ ಎಂಬುದು ಮಾಸ್ತರರಿಗೆ ಹೊಳೆಯಲಿಲ್ಲ ಎಂದಲ್ಲ, ಅರ್ಧ ಹೊಳೆಯಿತು. ಒಡೆದು ತಕ್ಷಣ ವಾಪಸು ಇಟ್ಟರಾಯಿತು ಎಂದುಕೊಂಡು ಎರಡೂ ಕೈಯಿಂದ ಜಗ್ಗಿದರು. ಕಲ್ಲು ಬಂತು. ಮಷೀನು ಅಲುಗಾಡಲಿಲ್ಲ. ಮಾಸ್ತರರಿಗೆ ಧೈರ್ಯ ಬಂತು.

ಒಂದೇ ಪೆಟ್ಟಿಗೆ ಕಾಯಿ ಸರಿಯಾಗಿ ಎರಡು ಹೋಳಾಯಿತು. "ಅವ್ವಾ, ನೋಡಿಲ್ಲೆ!" ಎಂದು ಅವರು ಸಣ್ಣ ಹುಡುಗರ ಹಾಗೆ ಕೂಗಿದರು. ಸರಸ್ವತಿಬಾಯಿ ಹೊರಗೆ ಬಂದು ಮಷೀನಿಗೆ ಆರತಿ ಬೆಳಗಿ, ಕಲ್ಲಿಗೂ ಅರಿಷಿಣ ಕುಂಕುಮ ಹಚ್ಚಿದರು. ಮಾಸ್ತರರು ಕಲ್ಲೆತ್ತಿ ಗಾಲಿಯ ಕಡೆ ಬಗ್ಗಿದರೆ ತಾಯಿ ಕೈ ಹಿಡಿದರು.

"ದೇವರ ಕಾಯಿ ಒಡದ ಕಲ್ಲು ಗಾಲಿ ಬುಡಕ ಇಡತೀ? ಬುದ್ಧಿ ಎಲ್ಲೆ ಅದ ನಿಂದು?" ಎಂದು ಅದನ್ನು ಕಸಿದುಕೊಂಡು, ಕಾಯಿಹೋಳುಗಳನ್ನು ಮಗನ ಕೈಗೆ ಕೊಟ್ಟು, ಸೀದಾ ತುಳಸಿಕಟ್ಟೆಗೆ ನಡೆದರು.

ಬೇರೆ ಕಲ್ಲು ನೋಡೋಣ ಎಂದು ಮಾಸ್ತರರು ಆ ಕಡೆ ಈ ಕಡೆ ನೋಡುವಷ್ಟರಲ್ಲಿ ಮಷೀನು ಒಮ್ಮೆ ನಡುಗಿತು. ಆಮೇಲೆ, ಯಾರಿಗೂ ಹೇಳದೆ ಕೇಳದೆ, ಹೊರಟಿತು.

"ಏ... ಏ... ನಿಲ್ಲೋ!" ಎಂದರು ಮಾಸ್ತರರು, ತರಗತಿಯಿಂದ ತಪ್ಪಿಸಿಕೊಂಡ ಹುಡುಗನಿಗೆ ಅನ್ನುವಂತೆ. ಒಂದೊಂದು ಕೈಯಲ್ಲಿ ಒಂದೊಂದು ಕಾಯಿಹೋಳು ಹಿಡಿದೇ ಅದರ ಬೆನ್ನು ಹತ್ತಿದರು. ಮೇಲಿನಿಂದ ನೋಡಿದ ದಾದಾಪೀರ ಏಣಿಯನ್ನು ಅರ್ಧಕ್ಕೇ ಬಿಟ್ಟು ಜಿಗಿದ. "ಹಾದಿ ಬಿಡ್ರೀ! ಹಾದಿ ಬಿಡ್ರೆಪಾ!"

ಓಣಿ ಹಾದಿ ಬಿಟ್ಟಿತು, ಆದರೆ ಒಳಗೆ ಹೋಗಲಿಲ್ಲ. ಎಲ್ಲರೂ ಕಟ್ಟೆ ಏರಿ ನಿಂತರು. ಮೊದಲ ಮನೆಯ ಹೊಳೆಯಪ್ಪ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವ. ಅವನು ಪೇಪರ್ ಬಿಸಾಕಿ, ಬಾಯಿಗೆ ಬೆರಳಿಟ್ಟು ಉದ್ದ ಸೀಟಿ ಹೊಡೆದು, "ಹೋಲ್ಡಾನ್! ಹೋಲ್ಡಾನ್!" ಎಂದು ಕೈ ಅಡ್ಡ ಮಾಡಿದ. ಜೀವಮಾನವಿಡೀ ಆ ಮಾತಿಗೆ ಗಾಡಿಗಳು ನಿಂತಿದ್ದವು. ಇದು ನಿಲ್ಲಲಿಲ್ಲ. ತನ್ನ ಮೆಟ್ಟಿಲಿಗೆ ತಾಗದೆ ಮುಂದೆ ಹೋದದ್ದು ಕಂಡ ಮೇಲೆ ಅವನೇ ಸಮಾಧಾನದಿಂದ, "ರೈಟ್, ರೈಟ್... ಹೋಗ್ಲಿ" ಎಂದ.

ಎದುರು ಮನೆಯ ಮಮತಾ ಬೀದಿಗೆ ಮೆಣಸಿನಕಾಯಿ ಒಣಹಾಕಿದ್ದಳು. ಅದನ್ನು ಬಾಚಲು ಓಡಿ ಬಂದವಳು ಬಾಚಲಿಲ್ಲ, ಫೋನು ತೆಗೆದಳು. "ಸರ, ಸ್ವಲ್ಪ ಬಾಜೂಕ ಸರೀರಿ, ನಿಮ್ಮ ಬೆನ್ನಿಗೆ ಮಷೀನ ಕಾಣವಲ್ದು!" ಅವಳನ್ನು ನೋಡಿ ಇನ್ನೂ ಹತ್ತು ಕೈಗಳು ಮೇಲೆದ್ದವು. "ಎಡಕ್ಕ! ಎಡಕ್ಕ ತಗೋ!" ಎಂದು ಯಾರೋ ಮಷೀನಿಗೆ ಹೇಳಿದರು. ಅದನ್ನು ನಡೆಸುವವರು ಯಾರೂ ಮೇಲಿಲ್ಲವೆಂಬುದು ಓಣಿಗೆಲ್ಲ ಕಾಣುತ್ತಿದ್ದರೂ ಬಲಕ್ಕೆ ಅನ್ನುವವರೂ ಇದ್ದರು.

ಬುಡ್ಡೇಸಾಬ ಆಳುಗಳ ಕೈಯಿಂದ ತನ್ನ ಗಾಡಿಯನ್ನು ಎತ್ತಿಸಿ ಪಕ್ಕಕ್ಕೆ ಇಡಿಸಿದ. ಪಾಪ, ಅದೇ ತಪ್ಪಾಯಿತು. ಗಾಡಿಯ ಹಿಂದೆ, ಕೆಲಸ ನೋಡಲು ಬಂದು ಚಹಾಕ್ಕೆ ನಿಂತಿದ್ದ ಪುಂಡಲೀಕಪ್ಪನ ಬಿಳಿ ಕಾರು ಇತ್ತು. ತಂದು ಒಂದು ವಾರವಾಗಿರಲಿಲ್ಲ, ಮೂತಿಗೆ ಕಟ್ಟಿದ ಚೆಂಡು ಹೂವಿನ ಹಾರ ಇನ್ನೂ ಬಾಡುತ್ತಿತ್ತು. ಮಷೀನಿನ ಒಂದು ಗಾಲಿ ಗಟಾರಕ್ಕೆ ಇಳಿಯಿತು, ಹೊಟ್ಟೆ ವಾಲಿತು, ಒಳಗಿದ್ದ ಮಾಲೆಲ್ಲ ಕಾರಿನ ಬಾನೆಟ್ಟಿನ ಮೇಲೆ ಸಾವಕಾಶವಾಗಿ ಸುರಿದು ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮಷೀನು ಮಾತ್ರ ಅಲ್ಲೇ ಟಕಟಕ ಅನ್ನುತ್ತಿತ್ತು.

"ನೀರ ಹೊಡೀರಿ, ನೀರ!" ಎಂದ ಹೊಳೆಯಪ್ಪ ಕೆಳಗೆ ಬಂದು.

"ನೀರ ಹಾಕಿದ್ರ ಇನ್ನೂ ಗಟ್ಟಿ ಆಕ್ಕೈತ್ರೀ. ಸ್ಲ್ಯಾಬಿಗೆ ದಿನಾ ಯಾಕ ಹೊಡೀತಾರ ಮತ್ತ?" ಎಂದ ಬುಡ್ಡೇಸಾಬ. ಈ ವಾದ ಮುಗಿಯುವವರೆಗೆ ಕಾಂಕ್ರೀಟು ಕಾಯಲಿಲ್ಲ.

ಪುಂಡಲೀಕಪ್ಪ ಕಾರನ್ನು ಒಂದು ಸುತ್ತು ಹಾಕಿ ಬಂದ. ಅವನ ದನಿ ಅಚ್ಚರಿಯಾಗುವಷ್ಟು ಸಣ್ಣದಾಗಿತ್ತು.

"ದಾದಾಪೀರಾ, ಗಾಲಿಗೆ ಕಲ್ಲ ಇಟ್ಟಿದ್ದೇನ?"

"ಇಟ್ಟಿದ್ದೆರಿ ಮಾಲಕರ. ಈ ಕೈಲೆ ಇಟ್ಟೇನ್ರಿ."

"ಇಟ್ಟಿದ್ರ ಎಲ್ಲಿ ಹೋತು? ಕಲ್ಲಿಗೆ ಕಾಲ ಬಂದುವೇನು? ಲಕ್ಷ್ಮೇಶ್ವರದಾಗ ಹಲಗಿ ಬೀಳಿಸಿದಾಗ ಹೇಳಿದ್ದೆ, ಇನ್ನೊಮ್ಮಿ ಏನರ ಆದ್ರ ಮನೀಗೆ ಅಂತ. ತಪ್ಪಂತೂ ಮಾಡಿದಿ, ಮ್ಯಾಲ ಸುಳ್ಳ ಬ್ಯಾರೆ ಹೇಳ್ತಿ. ನಡಿ, ನಾಳಿಂದ ಬರಬ್ಯಾಡ."

"ಹಂಗ ಅನಬ್ಯಾಡ್ರಿ ಮಾಲಕರ. ನನ್ನ ಹೇಣ್ತಿ ಗೌಸಬಿಗೆ ದಿನಾ ತುಂಬ್ಯಾವ್ರಿ. ಇಂಥಾದ್ರಾಗ ಕೆಲಸ ಬಿಡಿಸಿದ್ರ ನಾ ಎಲ್ಲಿ ಹೋಗ್ಲಿ? ಖರೇನ ಇಟ್ಟಿದ್ದೆರಿ."

"ಇವರೆಲ್ಲಾ ಹಿಂಗ ಅಂತಾರ" ಎಂದು ಗುಂಪು ತಲೆಯಾಡಿಸಿತು. ಕಲ್ಲು ಇಟ್ಟದ್ದನ್ನು ನೋಡಿದವರು ಒಬ್ಬರೂ ಇರಲಿಲ್ಲ. ಇಡಲಿಲ್ಲವೆಂದು ಬಲ್ಲವರು ಓಣಿ ತುಂಬ ಇದ್ದರು.

ಮಾಸ್ತರರು ಗುಂಪಿನ ಅಂಚಿನಲ್ಲಿ ಕಾಯಿಹೋಳು ಹಿಡಿದೇ ನಿಂತಿದ್ದರು. ಮಕ್ಕಳಿಗೆ ದಿನಾಲೂ ನಿಜ ಹೇಳ್ರೋ ಎಂದು ಹೇಳುವ ಬಾಯಿ ಅದು, ಈಗ ಒಣಗಿ ಹೋಗಿತ್ತು. ಸುಮ್ಮನೆ ಮನೆಗೆ ಹೋಗಿಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ದಾದಾಪೀರ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಪುಂಡಲೀಕಪ್ಪಾ, ಅವಂದೇನೂ ತಪ್ಪಿಲ್ಲ. ಕಲ್ಲು ನಾನು ತಗದೆ."

"ಸರಗ ಗಾಬರಿ ಆಗೇತಿ, ನೀರ ಕೊಡ್ರಿ" ಎಂದಳು ಮಮತಾ. ಯಾರೋ ನೀರು ಕುಡಿಸಿದರು, ಯಾರೋ ಬುಡ್ಡೇಸಾಬನ ಸ್ಟೂಲಿನ ಮೇಲೆ ಕೂಡಿಸಿದರು. ಮಾಸ್ತರರು ಎದ್ದು ನಿಂತರು.

"ಗಾಬರಿ ಅಲ್ಲರೀ. ಗಾಲಿ ಬುಡಕಿನ ಕಲ್ಲು ತಗದು ಅದರ ಮ್ಯಾಲೆ ಕಾಯಿ ಒಡದವ ನಾನ. ಖರೆ ಹೇಳ್ತೀನಿ."

ಹೊಳೆಯಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ. "ನೋಡ್ರಪಾ, ಇದಕ್ಕ ಅಂತಾರ ಮಾಸ್ತರ. ಬಡವನ ಹೊಟ್ಟಿ ಮ್ಯಾಲ ಕಲ್ಲ ಬೀಳಬಾರದಂತ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾರ!"

"ಇಲ್ಲರೀ! ಮಮತಾ, ನಿನ್ನ ಫೋನಿನಾಗ ಇರತದ ನೋಡು."

ಮಮತಾ ತೋರಿಸಿದಳು, ಉಳಿದವರೂ ತೋರಿಸಿದರು. ಎಲ್ಲರ ಫೋನಿನಲ್ಲೂ ಮಷೀನು ಓಡುತ್ತಿತ್ತು. ಅದು ನಿಂತಿದ್ದಾಗ ಯಾರಿಗೆ ಬೇಕಿತ್ತು ಅದರ ಚಿತ್ರ? ಅದರ ಹಿಂದೆ ಕಾಯಿಹೋಳು ಹಿಡಿದು ಓಡುವ ಮಾಸ್ತರರು ಮಾತ್ರ ಸ್ಪಷ್ಟವಾಗಿ ಕಂಡರು. "ಜೀವದ ಹಂಗ ಬಿಟ್ಟು ತಡ್ಯಾಕ ಹೊಂಟಾರ ನೋಡ್ರಿ" ಎಂದ ಒಬ್ಬ.

ಮಾಸ್ತರರಿಗೆ ಒಂದೇ ದಾರಿ ಉಳಿದಿತ್ತು. ಏರು ಓಣಿಯಲ್ಲಿ ಏದುಸಿರು ಬಿಡುತ್ತ ಮನೆಗೆ ಓಡಿದರು. ತುಳಸಿಕಟ್ಟೆಯಲ್ಲಿದ್ದ ಆ ಕಲ್ಲನ್ನು ಎದೆಗವಚಿಕೊಂಡು ತಂದು ಎಲ್ಲರ ಮುಂದೆ ಹಿಡಿದರು.

"ಇಕಾ, ಇದ ಆ ಕಲ್ಲು!"

ಕಲ್ಲಿನ ಮೈತುಂಬ ಅರಿಷಿಣ, ಕುಂಕುಮ. ತಲೆಯ ಮೇಲೆ ಎರಡು ದಳ ತುಳಸಿಯನ್ನೂ ಸರಸ್ವತಿಬಾಯಿ ಏರಿಸಿಬಿಟ್ಟಿದ್ದರು. ಓಣಿಗೆ ಓಣಿಯೇ ಕೈ ಮುಗಿಯಿತು.

"ಸಾಕ್ರಿ ಸರ, ಸಾಕು!" ಎಂದು ಬುಡ್ಡೇಸಾಬ ಕಣ್ಣೊರೆಸಿಕೊಂಡ. "ಒಬ್ಬ ಕೂಲಿಯವನ ಸಲುವಾಗಿ ತುಳಸಿಕಟ್ಟಿ ದೇವರನ್ನ ತಂದು ಆಣಿ ಮಾಡಾಕತ್ತೀರಲ್ಲ!"

"ಆಣಿ ಅಲ್ಲೋ ಮಾರಾಯಾ, ಇದು ಕಲ್ಲು!" ಎಂದು ಮಾಸ್ತರರು ಅಳುವಷ್ಟಾದರು. ಅವರ ಕಣ್ಣಲ್ಲಿ ನೀರು ಕಂಡು ಇನ್ನಷ್ಟು ಜನ ಅತ್ತರು.

ಆಗ ದಾದಾಪೀರ ಮುಂದೆ ಬಂದು ಅವರ ಕಾಲು ಹಿಡಿದ.

"ಬ್ಯಾಡ್ರಿ ಸರ. ನಿಮ್ಮಂಥವ್ರು ನನ್ನ ಸಲುವಾಗಿ ದೇವರ ಮುಂದ ಸುಳ್ಳ ಹೇಳಬ್ಯಾಡ್ರಿ, ಆ ಪಾಪ ನನಗ ಹತ್ತತೈತಿ." ಅವನು ಪುಂಡಲೀಕಪ್ಪನ ಕಡೆ ತಿರುಗಿದ. "ಮಾಲಕರ, ಕಲ್ಲ ನಾ ಇಟ್ಟಿರಲಿಲ್ಲ. ಇಟ್ಟೇನಿ ಅಂತ ಅನಸಿತ್ತು. ಈಗ ವಿಚಾರ ಮಾಡಿದ್ರ ಇಟ್ಟಿರಾಕಿಲ್ಲ. ತಪ್ಪಾತ್ರಿ."

ಪುಂಡಲೀಕಪ್ಪ ಕಾರು ನೋಡಿದ, ತನ್ನ ಕಡೆ ತಿರುಗಿದ ಅಷ್ಟೂ ಫೋನುಗಳನ್ನು ನೋಡಿದ. "ಒಪ್ಪಿಕೊಂಡಿ, ಆತು. ನಾನೇನ ಕಟುಕ ಅಲ್ಲ. ಕೆಲಸ ಬಿಡಬ್ಯಾಡ. ಈ ಕಾರ ಮಾತ್ರ ನೀನ ಕೆರದ ಕೊಡಬೇಕು." ಜನ ಚಪ್ಪಾಳೆ ತಟ್ಟಿದರು.

ಮಾಸ್ತರರು ಬಾಯಿ ತೆರೆದರು. ಈಗ ಇನ್ನೊಮ್ಮೆ ನಿಜ ಹೇಳಿದರೆ ದಾದಾಪೀರ ಇನ್ನೊಮ್ಮೆ ಸುಳ್ಳನಾಗುತ್ತಾನೆ, ಕೈಗೆ ಬಂದ ಕೆಲಸ ಹೋಗುತ್ತದೆ. ಅಷ್ಟು ಅರ್ಥವಾದ ಮೇಲೆ ತೆರೆದ ಬಾಯಿಯನ್ನು ಮುಚ್ಚಿದರು. ಹೊಳೆಯಪ್ಪ ಕಾರಿನ ಮೂತಿಯ ಚೆಂಡು ಹೂವಿನ ಹಾರವನ್ನೇ ಬಿಚ್ಚಿ ಸಿಮೆಂಟು ಕೊಡವಿ ಅವರ ಕೊರಳಿಗೆ ಹಾಕಿದ. ಅವರು ಬೇಡ ಅನ್ನಲಿಲ್ಲ. ಅದೇ ಹಾರದಲ್ಲಿ ದಾದಾಪೀರನ ಪಕ್ಕ ಕೂತು ಬಾನೆಟ್ ಕೆರೆದರು. ಅದನ್ನೂ ಮಮತಾ ಫೋನಿನಲ್ಲಿ ಹಿಡಿದಳು.

ಮಧ್ಯಾಹ್ನಕ್ಕೆ ಪುಂಡಲೀಕಪ್ಪ ಇನ್ನೊಂದು ಮಷೀನು ತರಿಸಿದ. ದಾದಾಪೀರ ಅದನ್ನು ಮನೆಯ ಮುಂದೆ ನಿಲ್ಲಿಸಿ, ಅದರ ಜೊತೆ ತಂದಿದ್ದ ಕಲ್ಲುಗಳನ್ನು ನಾಲ್ಕೂ ಗಾಲಿಗೆ ಕೊಟ್ಟ. ಕೊಟ್ಟವನು ಎದ್ದು ನಿಂತು ನೋಡಿದ. ಮತ್ತೆ ಬಗ್ಗಿ ಮುಟ್ಟಿ ನೋಡಿದ. ಆಮೇಲೆ ಮಾಸ್ತರರ ಹತ್ತಿರ ಬಂದು ದನಿ ತಗ್ಗಿಸಿದ.

"ಸರ, ಕಲ್ಲ ಇಟ್ಟೇನೇನು ಒಮ್ಮಿ ನೀವ ನೋಡ್ರಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ದಂಗ ಆಗೇತಿ."

ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹಾರ ತೆಗೆದಿಟ್ಟು ನಾಲ್ಕೂ ಗಾಲಿಯ ಮುಂದೆ ಮೊಣಕಾಲೂರಿದರು.

"ಇಟ್ಟೀಯೋ ದಾದಾಪೀರಾ. ನೀ ಇಟ್ಟೀ."

"ನೀವ ಅಂದ್ರ ಖರೆ ಇರಬೇಕು ಬಿಡ್ರಿ" ಎಂದು ಅವನು ನಿರಾಳವಾಗಿ ಏಣಿ ಹತ್ತಿದ.

ಸರಸ್ವತಿಬಾಯಿ ಇನ್ನೊಂದು ತೆಂಗಿನಕಾಯಿ ಹಿಡಿದು ಬಾಗಿಲಿಗೆ ಬಂದರು. "ಹೊಸಾ ಮಷೀನು, ಇದಕ್ಕೂ ಒಡೀಬೇಕಲ್ಲ. ಪ್ರಹ್ಲಾದಾ, ಒಂದು ಕಲ್ಲು ನೋಡೋ."