ಮಿಸ್ ಎದ್ದರೆ ಎಲ್ಲರೂ ಏಳಬೇಕು

ಕಾನೂನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳಿಗೆ ನಗುವ ಪ್ರಸಂಗಗಳು ದಿನವೂ ಸಿಗುತ್ತವೆ. ನಗು ಮಾತ್ರ ಬರುವುದಿಲ್ಲ. ಮಧುಗಿರಿ, ಶಿರಾ ಕಡೆಯ ನಮ್ಮ ಕಾಲೇಜಿನಲ್ಲಿ ತಪ್ಪದೆ ನಡೆಯುತ್ತಿದ್ದದ್ದು ಒಂದೇ ನಿಯಮ: ನಾನು ಎದ್ದು ನಿಂತರೆ ಎಲ್ಲರೂ ಎದ್ದು ನಿಲ್ಲಬೇಕು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದನ್ನು ನಾನು ಇವರಿಗೆ ಕಲಿಸಿದೆ. ಈಗಿನ ಅಧ್ಯಾಪಕರಲ್ಲಿ ಹೆಚ್ಚಿನವರೂ ನನ್ನ ಶಿಷ್ಯರೇ.

ವಾಯಿದೆ

ಪಾಠಗಳೇ ನಡೆಯುತ್ತಿಲ್ಲ, ಮಾನ್ಯತೆ ಏಕೆ ರದ್ದು ಮಾಡಬಾರದು ಎಂದು ವಿಶ್ವವಿದ್ಯಾಲಯದಿಂದ ನೋಟಿಸು ಬಂತು. ಪ್ರಿನ್ಸಿಪಾಲರು ಸಭೆ ಕರೆದರು. ನಮ್ಮ ಅಧ್ಯಾಪಕರೆಲ್ಲ ವಕೀಲರು. ಬೆಳಗಿನಿಂದ ಸಂಜೆಯವರೆಗೆ ಕೋರ್ಟಿನಲ್ಲಿ ವಾಯಿದೆ ಕೇಳಿ ಕೇಳಿ ನಾಲಿಗೆಗೆ ಅದೇ ರೂಢಿ.

ಕಾಂಟ್ರ್ಯಾಕ್ಟ್ ಕಲಿಸಬೇಕಾದ ಅಧ್ಯಾಪಕರು ಎದ್ದು, "ಮುಂದಿನ ವಾರಕ್ಕೆ ಇಟ್ಕೊಳ್ಳಾಣ ಸಾರ್. ಸೀನಿಯರ್ ಊರಲ್ಲಿಲ್ಲ" ಎಂದರು.

"ನಿಮ್ ಸೀನಿಯರ್ ನಾನೇ ಕಣ್ರೀ!"

"ಹಂಗಾರೆ ನಿಮ್ಗೂ ಟೈಮ್ ಬೇಕಲ್ಲ ಸಾರ್."

ಸಭೆ ಮುಂದಕ್ಕೆ ಹೋಯಿತು.

ಮುಖ ಪರಿಚಯ

ತಪಾಸಣೆಯವರು ಬಂದಾಗ ಅದೇ ಅಧ್ಯಾಪಕರನ್ನು ತರಗತಿಗೆ ಕಳಿಸಿದೆವು. ಅವರು ಕಪ್ಪುಹಲಗೆಗೆ ಬಾಗಿ ನಮಸ್ಕರಿಸಿ, ಹುಡುಗರನ್ನು ನೋಡಿ, "ಇವರು ಯಾರ ಕಡೆ ಸಾಕ್ಷಿಗಳು?" ಎಂದರು.

ತಪಾಸಣೆಯವರು ಮುಂದಿನ ಬೆಂಚಿನ ಪಾವಗಡದ ಹುಡುಗಿಯನ್ನು ಕೇಳಿದರು: "ಇವರು ಗೊತ್ತೇನಮ್ಮಾ?" ಅವಳದು ಕೊನೆಯ ವರ್ಷ. ಮನೆತನದಲ್ಲೇ ಮೊದಲ ವಕೀಲೆಯಾಗಬೇಕಾದವಳು. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದ್ದೂ ನಾನೇ.

"ಗೊತ್ತು ಸಾರ್. ಬೈಕಲ್ಲಿ ಕೋರ್ಟ್‌ಗೆ ಹೋಗೋವಾಗ ಬೆನ್ನು ನೋಡಿದ್ದೆ. ಮುಖ ಇವತ್ತೇ ನೋಡಿದ್ದು."

ಕಾಲೇಜಿನ ಪರ

ತಪಾಸಣೆಯ ವರದಿ ನೋಡಿ ಆಡಳಿತ ಮಂಡಳಿ ಕಾಲೇಜಿಗೆ ಬೀಗ ಹಾಕಿತು. ಕೊನೆಯ ವರ್ಷದವರಿಗೆ ಪರೀಕ್ಷೆಯೂ ಇಲ್ಲ ಎಂದಿತು. ಆ ಹುಡುಗಿ ಗೆಳೆಯರನ್ನು ಕಟ್ಟಿಕೊಂಡು ಕೋರ್ಟಿಗೆ ಹೋದಳು. ನಮ್ಮ ಅಧ್ಯಾಪಕರೆಲ್ಲ ವಿದ್ಯಾರ್ಥಿಗಳ ಪರ ವಕಾಲತ್ತು ಹಾಕಿದರು. ಒಬ್ಬರೂ ಗೈರುಹಾಜರಾಗದೆ ಅವರೆಲ್ಲರನ್ನೂ ನಾನು ಒಟ್ಟಿಗೆ ಕಂಡದ್ದು ಅಂದೇ, ಕಾಲೇಜಿನ ವಿರುದ್ಧ.

ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಗಮನವಿಟ್ಟು ಕೇಳಿದರು. ಪರೀಕ್ಷೆ ನಡೆಸಿ ಎಂದು ಆದೇಶಿಸಲು ಪೆನ್ನನ್ನೂ ತೆಗೆದರು. "ಕಾಲೇಜಿನ ಪರ ಯಾರಾದರೂ ಇದ್ದೀರಾ?"

ಪ್ರಿನ್ಸಿಪಾಲರು ನನ್ನ ಕಡೆ ಬಾಗಿದರು. "ಮೇಡಂ, ನಾನೂ ಹುಡುಗ್ರ ಕಡೇನೇ. ಆ ಕಡೆ ಹೋಗ್ದೆ ಉಳಿದಿರೋರು ನೀವೊಬ್ರೇ. ನಮ್ದೇನೂ ತಕರಾರಿಲ್ಲ ಅಂತ ಹೇಳ್ಬುಡಿ."

ನಾನು ಸೀರೆಯ ನಿರಿಗೆ ಸರಿಪಡಿಸಿಕೊಂಡು ಎದ್ದು ನಿಂತೆ.

ದಡಬಡನೆ ವಿದ್ಯಾರ್ಥಿಗಳೆಲ್ಲ ಎದ್ದರು. ಕರಿಕೋಟಿನ ಅಧ್ಯಾಪಕರೆಲ್ಲ ಎದ್ದರು. ಪೀಠದಲ್ಲಿದ್ದ ನ್ಯಾಯಾಧೀಶರೂ ಎದ್ದು, "ಗುಡ್ ಮಾರ್ನಿಂಗ್ ಮಿಸ್" ಎಂದರು.

ಅವರು ನಿಧಾನವಾಗಿ ಕುಳಿತು ಪೆನ್ನಿನ ಮುಚ್ಚಳ ಹಾಕಿದರು. "ನಾನೂ ಇದೇ ಕಾಲೇಜಿನವನು ಅಂತ ಎಲ್ಲರ ಮುಂದೆ ಗೊತ್ತಾಗಿಬಿಟ್ಟಿತು. ಇನ್ನು ಈ ಕೇಸು ನಾನು ಕೇಳಿದರೆ ಚೆನ್ನಾಗಿರೋದಿಲ್ಲ. ಬೇರೆ ಕೋರ್ಟಿಗೆ ಹೋಗಲಿ." ವಾಯಿದೆ ಹಾಕಿದರು.

ಪರೀಕ್ಷೆಯ ದಿನ ಆ ವಾಯಿದೆಗೂ ಮೊದಲೇ ಇತ್ತು.

ಮೆಟ್ಟಿಲ ಮೇಲೆ ಪಾವಗಡದ ಹುಡುಗಿ ಕುಳಿತಿದ್ದಳು. ನನ್ನನ್ನು ಕಂಡು ಕಣ್ಣೊರೆಸಿಕೊಂಡು, ಪಾಪ, ಮತ್ತೆ ಎದ್ದು ನಿಂತಳು.

"ಅಯ್ಯೋ ದೇವುಡಾ, ಮಿಸ್," ಎಂದಳು, "ಕೂತ್ಕೊಂಡೇ ಹೇಳಿದ್ರೆ ಏನಾಗ್ತಿತ್ತು?"