ಡಬ್ಬಕ್ಕೆ ನೂರ ಒಂದು ಜ್ವರ

ಬಸವಾಪಟ್ಟಣದಲ್ಲಿ ಮನುಷ್ಯರಿಗೆ ಜ್ವರ ನೋಡುವವರು ಹಲವರಿದ್ದಾರೆ. ತಗಡಿನ ಡಬ್ಬಕ್ಕೆ ಜ್ವರ ನೋಡುವವರು ಒಬ್ಬರೇ, ಅವರು ನಮ್ಮ ಭಾವ! ಕಳೆದ ಬೇಸಿಗೆಯಲ್ಲಿ ಅಕ್ಕ ಮೈ ಬಿಸಿಯಾಗಿ ಮಲಗಿದ್ದಾಗ ಥರ್ಮಾಮೀಟರಿಗಾಗಿ ಮನೆಯೆಲ್ಲ ಜಾಲಾಡಿದೆ. ಅದು ಹಿತ್ತಲಲ್ಲಿ ಡಬ್ಬದ ಮಗ್ಗುಲಿಗೆ ಮಲಗಿತ್ತು.

“ನೂರ ಒಂದು ಐತೆ,” ಅಂದರು ಭಾವ, ಮುಖ ಸಣ್ಣದು ಮಾಡಿಕೊಂಡು.

“ಅಕ್ಕನಿಗಾ?”

“ಡಬ್ಬಕ್ಕೆ ಕಣಪ್ಪ!”

ಭಾವನದು ಪಂಪ್‌ಸೆಟ್ ರಿಪೇರಿ ಕೆಲಸ. ಹುಚ್ಚು ಮಾತ್ರ ಆಟದ ವಿಮಾನದ್ದು. ಕೆಂಪು ರೆಕ್ಕೆಯ, ಅಂಗೈಯಲ್ಲಿ ಹಿಡಿಸುವಷ್ಟು ಎಂಜಿನ್ನಿನ ಆ ವಿಮಾನವನ್ನು ಸೂಳೆಕೆರೆ ಏರಿಯ ಮೇಲೆ ನಿಂತು ಹಾರಿಸುತ್ತಿದ್ದರು. ಅದು ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್ ಎಂಬ ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದ ಪಾನಕ. ಅದನ್ನು ಕಳಿಸಿಕೊಡುತ್ತಿದ್ದ ಅಂಗಡಿ ಮುಚ್ಚಿಹೋಗಿ, ಉಳಿದದ್ದು ಒಂದೇ ಡಬ್ಬ. ಅದು ಕೆಟ್ಟರೆ ವಿಮಾನ ಅಟ್ಟಕ್ಕೆ.

“ಕೆಡೋದ್ರೊಳಗೆ ಹಾರ್ಸಿ ಮುಗಿಸ್ರಿ ಭಾವ,” ಅಂದೆ.

“ನೋಡೋರು ಬರ್ಲಿ.”

“ನಾನಿಲ್ವಾ?”

“ನೀನು ಬಿಡಪ್ಪ!”

ಇದಕ್ಕಿಂತ ಅವಮಾನ ಬೇಕೇ?

ಭಾವನ ಪ್ರಕಾರ ಡಬ್ಬ ಉಸಿರಾಡುತ್ತದೆ. ಹಗಲು ಕಾದಾಗ ಉಬ್ಬಿ ಉಸಿರು ಬಿಡುತ್ತದೆ, ತಣ್ಣಗಾದಾಗ ಹಸಿ ಗಾಳಿ ಎಳೆದುಕೊಳ್ಳುತ್ತದೆ. ಆ ಸ್ಪಿರಿಟ್ಟಿಗೋ ನೀರೆಂದರೆ ಪ್ರಾಣ, ಸಿಕ್ಕಿದ ತೇವವನ್ನೆಲ್ಲ ಹೀರಿ ಕೆಟ್ಟುಹೋಗುತ್ತದಂತೆ. ಆದ್ದರಿಂದ ಬಿಸಿಲೂ ಬೀಳದ, ಒಲೆಯೂ ಹತ್ತಿರವಿಲ್ಲದ ಕಡೆ, ಸದಾ ಒಂದೇ ಹದದಲ್ಲಿಡಬೇಕು. ಹುಡುಕಿ ಹುಡುಕಿ ಕಂಡದ್ದು ಹಿತ್ತಲ ನೆರಳಿನ ಕಲ್ಲುಬಾನಿ. ಅದಕ್ಕೆ ಒಣ ಮರಳು ತುಂಬಿ, ನಡುವೆ ಡಬ್ಬ ಹೂತು, ಮೇಲೆ ತಗಡು ಮುಚ್ಚಿದರು. ಸಂಜೆ ನೀರು ಕುಡಿಯಲು ಬಂದ ಎಮ್ಮೆ ತಗಡು ನೂಕಿ ಮೂತಿಯಿಟ್ಟು, ಮೀಸೆಗೆ ಮರಳು ಮೆತ್ತಿಕೊಂಡು ಭಾವನನ್ನು ದುರುಗುಟ್ಟಿ ನೋಡಿತು. ಹಾಲು ಕರೆಯಲು ಮೂರು ದಿನ ಹತ್ತಿರ ಸೇರಿಸಲಿಲ್ಲ!

ಪಕ್ಕದಲ್ಲಿ ಚಾಚಾನ ವೆಲ್ಡಿಂಗ್ ಅಂಗಡಿ. ಕಿಡಿ ಹಾರೀತೆಂದು ಭಾವ ದಿನಾ ಹೋಗಿ ಗಾಳಿಯ ವರದಿ ಒಪ್ಪಿಸುತ್ತಿದ್ದರು.

“ಏನ್ ಮೇಸ್ತ್ರಿ, ನಿಮ್ ಡಬ್ಬದ ಪರ್ಮಿಷನ್ ತಗಂಡು ನಾನು ಗೇಟ್ ಮಾಡ್ಬೇಕಾ?” ಎಂದು ಚಾಚಾ ಬೈದರು. ಆದರೆ ಮಾರನೆಯ ದಿನವೇ ಎರಡಾಳೆತ್ತರದ ತಗಡಿನ ಗೋಡೆ ನಿಲ್ಲಿಸಿಕೊಟ್ಟರು. ಅದನ್ನು ಬೆಸೆಯುವಾಗ ಹಾರಿದ ಕಿಡಿಗಳಿಗೆ ಹೆದರಿ ಭಾವ ಡಬ್ಬ ತಬ್ಬಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಓಡಿದ್ದರು.

ಇನ್ನು ಅಕ್ಕ. ವಿಮಾನ ನೋಡಲು ಬಾ ಎಂದರೆ ಮೊದಲೆಲ್ಲ ಪುರುಸೊತ್ತಿಲ್ಲ ಎನ್ನುತ್ತಿದ್ದಳು. ಪುರುಸೊತ್ತು ಬರುವ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಶುಗರ್ ಇಳಿಯುವವರೆಗೆ ಆಪರೇಷನ್ ಬೇಡ ಎಂದರು ಡಾಕ್ಟರು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಶುಗರ್ ಇಳಿಯಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ಭಾವ ಆಚೆ ತೆಗೆದಿಟ್ಟಿದ್ದ ಡಬ್ಬದ ಮುಚ್ಚಳವನ್ನು ಅಕ್ಕ ಬಿಚ್ಚಿದಳು. ಹರಳೆಣ್ಣೆ ವಾಸನೆ ಬಂದದ್ದೇ ತಡ, ನೆತ್ತಿಗೆ ಹಚ್ಚಿಕೊಳ್ಳಲು ಅಂಗೈಗೆ ಸುರಿದುಕೊಂಡಳು!

“ಬಿಡೇ! ವಿಷ ಅದು! ಕಣ್ಣು ಹೋಗ್ತಾವೆ!”

“ಇದ್ರೆ ತಾನೇ ಹೋಗಾಕೆ!”

ಭಾವ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೇ ತೊಳೆದರು. ಮುಚ್ಚಳವಿಲ್ಲದ ಡಬ್ಬ ಅಷ್ಟು ಹೊತ್ತೂ ಇಬ್ಬನಿ ಕುಡಿಯುತ್ತ ಬಿದ್ದಿತ್ತು. ಅಂದು ಸಂಜೆ ಬಾನಿಗೆ ಬೀಗ ಬಿತ್ತು.

ಶಿವರಾತ್ರಿ ಕಳೆದ ಮೇಲೆ ಅಂತೂ ಆಪರೇಷನ್ ಆಯಿತು. ಡಾಕ್ಟರು ಹೊರಗೆ ಓಡಾಡಬಹುದು ಎಂದ ದಿನವೇ ಭಾವ ಅಕ್ಕನನ್ನು ಸೂಳೆಕೆರೆ ಏರಿಗೆ ಕರೆತಂದರು. ನೋಡುವವರು ಯಾರೆಂದು ನನಗೆ ಆಗ ಹೊಳೆಯಿತು. ವರ್ಷವಿಡೀ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಮೂರನೆಯ ಸಲ ಗುಂಯ್ ಎಂದು ಹತ್ತಿಕೊಂಡು, ವಿಮಾನ ಕೆರೆಯ ಮೇಲೇರಿತು. ಹಾರಿಸುವವನು ವಿಮಾನದಿಂದ ಕಣ್ಣು ತೆಗೆಯಲೇಬಾರದು ಎಂದು ನನಗೆ ನೂರು ಸಲ ಪಾಠ ಮಾಡಿದವರು ಅವರೇ. ಈಗ ರಿಮೋಟು ಹಿಡಿದುಕೊಂಡು ಅಕ್ಕನ ಕಣ್ಣುಗಳನ್ನೇ ನೋಡುತ್ತ ನಿಂತುಬಿಟ್ಟರು.

“ಭಾವ, ವಿಮಾನ!” ಎಂದು ಕೂಗಿದೆ. ಅಷ್ಟರಲ್ಲಿ ಅದು ವಾಲಿ, ತಲೆಕೆಳಗಾಗಿ ನೀರಿಗೆ ಬಿತ್ತು.

“ಅಯ್ಯೋ, ಬಿತ್ತಲ್ರೀ! ಅಗೋ, ಆ ಕೊಕ್ಕರೆ ಪಕ್ಕದಾಗೆ! ಕೆಂಪು ರೆಕ್ಕೆ ಮುಳುಗ್ತೈತೆ!” ಎಂದಳು ಅಕ್ಕ.

“ಕೆಂಪು ಕಾಣ್ತಾ?”

“ಕಾಣ್ದೆ ಏನ್ರೀ? ಹೋಯ್ತಲ್ಲ ನಿಮ್ ವಿಮಾನ!”

“ಹೋಗ್ಲಿ ಬಿಡು,” ಅಂದರು ಭಾವ. ಆಗಲೂ ಅವರು ಕೆರೆಯ ಕಡೆ ತಿರುಗಲಿಲ್ಲ.